ಸಹಾಯ ಬೇಕು: ಒಂದೇ ಕ್ರೋಮ್, ಎರಡು ಥರದ ಟ್ಯಾಬ್‌ಗಳು
ನಮಸ್ಕಾರ. ರಾಜಾಜಿನಗರದಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇವೆ. ಬೆಳಗ್ಗೆ ಸೇವಾ ಸಿಂಧು, ಕಾವೇರಿ, ಬೆಸ್ಕಾಂ ಪುಟಗಳು ಒಟ್ಟಿಗೆ ತೆರೆಯಬೇಕು. ಸಂಜೆ ಅದೇ ಕಂಪ್ಯೂಟರ್‌ನಲ್ಲಿ ಲೆಕ್ಕದ ಶೀಟ್, ಜಿಎಸ್‌ಟಿ, ಜಿಮೇಲ್.

ಶುರುವಿಗೆ ತೆರೆಯುವ ಪುಟಗಳ ಪಟ್ಟಿ ಒಂದು ಪ್ರೊಫೈಲ್‌ಗೆ ಒಂದೇ ಅಲ್ವಾ? ಇನ್ನೊಂದು ಪ್ರೊಫೈಲ್ ಮಾಡಿದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲಾ ಬೇರೆ ಆಗುತ್ತೆ, ಅದು ಬೇಡ. ಹಾಗಾಗಿ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ, ಟಾರ್ಗೆಟ್ ಸಾಲಿನ ಕೊನೆಗೆ ಒಂದೊಂದು ಸ್ಪೇಸ್ ಬಿಟ್ಟು ವಿಳಾಸಗಳನ್ನು ಸೇರಿಸಿದೆ. ಪುಟಗಳೇನೋ ತೆರೆಯುತ್ತವೆ, ಆದರೆ ಕ್ರೋಮ್ ಮೊದಲೇ ಓಪನ್ ಇದ್ದರೆ ಎಲ್ಲಾ ಅದೇ ವಿಂಡೋಗೆ ಹೋಗಿ ಸೇರಿಕೊಳ್ಳುತ್ತವೆ, ಗಿರಾಕಿ ಎದುರಿಗೆ ನಿಂತಿರುವಾಗ ಅವರ ಅರ್ಜಿ ಯಾವ ಟ್ಯಾಬ್‌ನಲ್ಲಿದೆ ಅಂತ ಹುಡುಕುತ್ತಾ ಕೂರಬೇಕು.

ಬೇರೆ ವಿಂಡೋದಲ್ಲೇ ತೆರೆಯಲು ಟಾರ್ಗೆಟ್‌ನಲ್ಲಿ ಇನ್ನೇನು ಬರೆಯಬೇಕು? ವಿಂಡೋಸ್ 10 ಇದೆ. ಗೊತ್ತಿದ್ದವರು ಆ ಸಾಲನ್ನು ಪೂರ್ತಿ ಟೈಪ್ ಮಾಡಿ ಹಾಕಿ, ಪ್ಲೀಸ್.