ಆಪರೇಷನ್ ನಡೆಯುವಾಗಲೇ ರೇಡಿಯೇಷನ್: ಮಲಾಶಯದ ಕ್ಯಾನ್ಸರ್‌ಗೆ ಇದನ್ನು ತೆಗೆದುಕೊಂಡವರು ದಯವಿಟ್ಟು ಹೇಳಿ

ಪ್ರಶ್ನೆ:

ಅಪ್ಪನಿಗೆ 61 ವರ್ಷ. ಮಲಾಶಯದ ಕೆಳಭಾಗದಲ್ಲಿ ಕ್ಯಾನ್ಸರ್. 28 ದಿನ ಹೊರಗಿನಿಂದ ರೇಡಿಯೇಷನ್ ಆಯಿತು, ಜೊತೆಗೆ ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ. ಗಡ್ಡೆ ಕುಗ್ಗಿದೆ. ಆದರೆ ಹೊಸ ಎಂಆರ್‌ಐನಲ್ಲಿ ಹಿಂಬದಿಗೆ, ಬೆನ್ನುಮೂಳೆಯ ಕೊನೆಯ ಸೇಕ್ರಮ್ ಕಡೆಗೆ, ಅದು ಇನ್ನೂ ಅಂಟಿಕೊಂಡ ಹಾಗೆ ಕಾಣುತ್ತಿದೆ. ಗಡ್ಡೆ ತೆಗೆದ ಕೂಡಲೇ, ಹೊಟ್ಟೆ ತೆರೆದಿರುವಾಗಲೇ, ಆ ಜಾಗಕ್ಕೆ ಒಂದು ಡೋಸ್ ರೇಡಿಯೇಷನ್ ಕೊಡಬೇಕಾಗಬಹುದು ಎಂದು ಸರ್ಜನ್ ಹೇಳಿದ್ದಾರೆ. ನಮಗೆ ಕೈಕಾಲೇ ಆಡುತ್ತಿಲ್ಲ. ಇಷ್ಟೆಲ್ಲ ರೇಡಿಯೇಷನ್ ಆದ ಮೇಲೆ ಮತ್ತೆ ಯಾಕೆ? ಒಪ್ಪಬೇಕಾ? ಮುಂದಿನ ವಾರ ಅವರನ್ನು ಕಾಣಬೇಕು. ಏನು ಕೇಳಬೇಕು ಅನ್ನುವುದೂ ತಿಳಿಯುತ್ತಿಲ್ಲ.

ಗಂಡನಿಗೆ ಇದೇ ಚಿಕಿತ್ಸೆ ಮಾಡಿಸಿದವರು:

ಮೊದಲು ಒಂದು ಮಾತು. ನಿಮ್ಮ ಸರ್ಜನ್ ಇದನ್ನು ಮುಂಚೆಯೇ ಹೇಳಿದ್ದಾರಲ್ಲ, ಅದು ಒಳ್ಳೆಯದೇ. ಎಲ್ಲಿ ತೊಡಕಾಗಬಹುದು ಎಂದು ಎಂಆರ್‌ಐ ನೋಡಿ ಈಗಲೇ ಯೋಚಿಸುತ್ತಿದ್ದಾರೆ ಎಂದು ಅರ್ಥ.

ನನ್ನ ಗಂಡನಿಗೆ ಮೊದಲ ಆಪರೇಷನ್ ಆಗಿ ಎರಡು ವರ್ಷಕ್ಕೆ ಅದೇ ಜಾಗದಲ್ಲಿ ಗಡ್ಡೆ ಮರಳಿ ಬಂತು. ಮೊದಲೇ ಪೂರ್ತಿ ಕೋರ್ಸ್ ರೇಡಿಯೇಷನ್ ಆಗಿತ್ತು. ಹೊರಗಿನಿಂದ ಇನ್ನೊಮ್ಮೆ ಅಷ್ಟೇ ಕೊಟ್ಟರೆ ಸಣ್ಣ ಕರುಳು ತಡೆಯುವುದಿಲ್ಲ ಎಂದರು. ಅದಕ್ಕೇ ಹೊರಗಿನಿಂದ ಕಡಿಮೆ ಡೋಸ್, ಆಮೇಲೆ ಆಪರೇಷನ್, ಆಪರೇಷನ್ ಮಧ್ಯೆ ಒಂದು ಡೋಸ್ ಎಂದು ನಿರ್ಧಾರವಾಯಿತು.

"ಮತ್ತೆ ಯಾಕೆ" ಎಂದು ನೀವು ಕೇಳಿದಿರಿ. ನಾನೂ ಅದನ್ನೇ ಕೇಳಿದ್ದೆ. ನಮ್ಮ ಡಾಕ್ಟರು ಹೇಳಿದ್ದು ಇವತ್ತಿಗೂ ನೆನಪಿದೆ. ಹೊರಗಿನಿಂದ ಕೊಡುವಾಗ ಕಿರಣ ಕರುಳು, ಮೂತ್ರಕೋಶ ಎಲ್ಲವನ್ನೂ ಹಾಯ್ದು ಹೋಗಬೇಕು. ಆದ್ದರಿಂದ 50 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ಆಸುಪಾಸಿಗೆ ನಿಲ್ಲಿಸುತ್ತಾರೆ. ಹೊಟ್ಟೆ ತೆರೆದಾಗ ಕರುಳನ್ನು ಕೈಯಿಂದಲೇ ಪಕ್ಕಕ್ಕೆ ಸರಿಸಬಹುದು. ಆಗ ಅನುಮಾನದ ಜಾಗವೊಂದೇ ಎದುರಿಗಿರುತ್ತದೆ. ಅಲ್ಲಿಗೆ ಮಾತ್ರ ಕೊಡುತ್ತಾರೆ.

ಅವರಿಗೆ 12.5 ಗ್ರೇ ಕೊಟ್ಟರು. ಆ ದಿನ ಥಿಯೇಟರ್ ಹೊರಗೆ ಒಂಬತ್ತು ಗಂಟೆ ಕೂತಿದ್ದೆ. ಅದರಲ್ಲಿ ರೇಡಿಯೇಷನ್ ನಡೆದದ್ದು ಕೆಲವೇ ನಿಮಿಷ. ಉಳಿದದ್ದೆಲ್ಲ ಹಳೆಯ ಗಾಯದ ಅಂಟು ಬಿಡಿಸುವ ಕೆಲಸ. ಎಷ್ಟು ಹೊತ್ತಾಗಬಹುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಹೊರಗೆ ಕೂತವರ ಜೀವ ಬಾಯಿಗೆ ಬರುತ್ತದೆ.

ಕೆಳಗಿನ ಗಾಯ ಒಣಗಲು ಎರಡೂವರೆ ತಿಂಗಳು ಹಿಡಿಯಿತು. ಅದು ನಿಜಕ್ಕೂ ಕಷ್ಟದ ಕಾಲ. ದಿನಾ ಡ್ರೆಸಿಂಗ್, ಕೂರಲಾಗದು, ಸರಿಯಾಗಿ ನಿದ್ದೆಯಿಲ್ಲ. ಇದಕ್ಕೆ ಈ ಒಂದು ಡೋಸ್ ಕಾರಣವೋ, ಎರಡು ಸಲದ ಹೊರಗಿನ ರೇಡಿಯೇಷನ್ ಕಾರಣವೋ, ಬೇರೆ ಮಾಡಿ ಹೇಳಲು ಬರುವುದಿಲ್ಲ. ಈಗ ನಾಲ್ಕು ವರ್ಷವಾಗಿದೆ. ಆ ಜಾಗದಲ್ಲಿ ಏನೂ ಕಾಣಿಸಿಲ್ಲ. ನನ್ನನ್ನು ಕೇಳಿದರೆ, ಒಪ್ಪಿ.

ರೇಡಿಯೇಷನ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿರುವವರು:

ನಡೆಯುವ ಕ್ರಮ ಹೇಳುತ್ತೇನೆ. ಏನಾಗುತ್ತದೆ ಎಂದು ಗೊತ್ತಿದ್ದರೆ ಭಯ ಸ್ವಲ್ಪ ಇಳಿಯುತ್ತದೆ.

ಗಡ್ಡೆ ಹೊರಗೆ ತೆಗೆದ ಮೇಲೆ ಅನುಮಾನವಿರುವ ಅಂಚಿನಿಂದ, ಅಂದರೆ ಕತ್ತರಿಸಿದ ಗಡಿಯಿಂದ, ಚೂರು ತೆಗೆದು ಪೆಥಾಲಜಿಗೆ ಕಳಿಸುತ್ತಾರೆ. ಅವರು ಅದನ್ನು ಅಲ್ಲೇ ಹೆಪ್ಪುಗಟ್ಟಿಸಿ, ಸೀಳಿ, ನೋಡಿ ಹೇಳುತ್ತಾರೆ. ಫ್ರೋಜನ್ ಸೆಕ್ಷನ್ ಅನ್ನುವುದು ಇದಕ್ಕೇ. ಆಮೇಲೆ ಸರ್ಜನ್ ಮತ್ತು ರೇಡಿಯೇಷನ್ ಡಾಕ್ಟರು ಇಬ್ಬರೂ ಕೂಡಿ ಜಾಗ ನೋಡುತ್ತಾರೆ. ಎಷ್ಟು ಅಗಲ, ಎಷ್ಟು ಆಳ, ಯಾವ ನರ ಹತ್ತಿರದಲ್ಲಿದೆ ಎಂದು ಅಲ್ಲಿಯೇ ಮಾತಾಡಿಕೊಳ್ಳುತ್ತಾರೆ.

ಕೊಡುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎಲೆಕ್ಟ್ರಾನ್ ಕಿರಣ. ಕೊಳವೆಯಂಥ ಅಪ್ಲಿಕೇಟರನ್ನು ಆ ಜಾಗಕ್ಕೆ ಒತ್ತಿ ಹಿಡಿಸುತ್ತಾರೆ. ಎಲೆಕ್ಟ್ರಾನ್ ಕೆಲವು ಸೆಂಟಿಮೀಟರ್ ಒಳಗೆ ಹೋಗಿ ಬೇಗ ಇಳಿದುಬಿಡುತ್ತದೆ, ಹಿಂದಿರುವುದಕ್ಕೆ ಹೆಚ್ಚು ತಗಲುವುದಿಲ್ಲ. ಕಿರಣ ಹರಿಯುವುದು ಎರಡು ಮೂರು ನಿಮಿಷ. ಇನ್ನೊಂದರಲ್ಲಿ ಮೆತ್ತಗಿನ ಸಿಲಿಕೋನ್ ಹಾಳೆಯನ್ನು ಸೊಂಟದ ಗೋಡೆಗೆ ಹೊಂದಿಸಿ ಇಡುತ್ತಾರೆ. ಅದರೊಳಗಿನ ಸಣ್ಣ ನಳಿಕೆಗಳಲ್ಲಿ ಕಿರಣ ಹೊಮ್ಮಿಸುವ ಇರಿಡಿಯಮ್-192 ಲೋಹದ ಚೂರು ಓಡಾಡಿ ಬರುತ್ತದೆ. ಕೊಳವೆ ತಲುಪದ ಬಾಗಿದ ಮೂಲೆಗೆ ಇದು ಒಗ್ಗುತ್ತದೆ, ಆದರೆ ಹೊತ್ತು ಜಾಸ್ತಿ ಬೇಕು.

ಕಿರಣ ಹರಿಯುವಾಗ ನಾವೆಲ್ಲ ಹೊರಗೆ ಬರುತ್ತೇವೆ. ಅಪ್ಪ ಒಬ್ಬರೇ ಒಳಗಿರುತ್ತಾರೆ ಎಂದು ಗಾಬರಿಯಾಗಬೇಡಿ. ಅರಿವಳಿಕೆ ಡಾಕ್ಟರು ಕ್ಯಾಮೆರಾದಲ್ಲಿ ಉಸಿರು, ನಾಡಿ, ರಕ್ತದೊತ್ತಡವನ್ನು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ. ಏನಾದರೂ ಏರುಪೇರಾದರೆ ತಕ್ಷಣ ನಿಲ್ಲಿಸಿ ಒಳಗೆ ಹೋಗಬಹುದು.

ಡೋಸ್ ಸಾಮಾನ್ಯವಾಗಿ 10ರಿಂದ 20 ಗ್ರೇ. ಅಂಚು ಸ್ವಚ್ಛ, ಅಂದರೆ ಅಲ್ಲಿ ಕ್ಯಾನ್ಸರ್ ಇಲ್ಲ, ಆದರೂ ಗಡ್ಡೆಗೆ ತೀರಾ ಹತ್ತಿರ ಎಂದರೆ 10ರಿಂದ 12.5. ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಕಂಡರೆ 15ರವರೆಗೆ. ಕಣ್ಣಿಗೆ ಕಾಣುವಷ್ಟೇ ಉಳಿದುಬಿಟ್ಟರೆ ಇನ್ನೂ ಮೇಲೆ. ಅಪ್ಪನಿಗೆ ಹೊರಗಿನಿಂದ ಕೊಟ್ಟ 50ರ ಮುಂದೆ ಇದು ಚಿಕ್ಕದು ಎಂದುಕೊಳ್ಳಬೇಡಿ. ಒಂದೇ ಏಟಿಗೆ ಕೊಟ್ಟಾಗ ಅದರ ಪರಿಣಾಮ, ದಿನಕ್ಕಿಷ್ಟು ಎಂದು ಹಂಚಿ ಕೊಡುವುದರ ಎರಡು ಮೂರು ಪಟ್ಟು.

ಇನ್ನೊಂದು, ಮನೆಯವರು ಹೊರಗೆ ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆ. ಆಪರೇಷನ್ ಆದ ಮೇಲೆ ಅವರ ಮೈಯಿಂದ ಯಾವ ಕಿರಣವೂ ಬರುವುದಿಲ್ಲ. ಮಕ್ಕಳು ಪಕ್ಕದಲ್ಲಿ ಮಲಗಬಹುದು.

ಸ್ವತಃ ಚಿಕಿತ್ಸೆ ತೆಗೆದುಕೊಂಡವರು:

ಮೇಲಿನವರು ನರದ ಮಾತನ್ನು ಒಂದೇ ಪದದಲ್ಲಿ ಮುಗಿಸಿದರು. ಅದನ್ನು ನಾನು ಬಿಡಿಸಿ ಹೇಳಬೇಕು, ಏಕೆಂದರೆ ನನಗೆ ಆದದ್ದು ಅದೇ.

ಕರುಳನ್ನು ಸರಿಸಬಹುದು. ಸೊಂಟದ ಗೋಡೆಯಲ್ಲಿರುವ ದಪ್ಪ ನರಗಳನ್ನು ಸರಿಸಲಾಗುವುದಿಲ್ಲ. ಅವು ಅಲ್ಲೇ ಇರುತ್ತವೆ. ನನಗೆ ಅಂಚಿನಲ್ಲಿ ಕ್ಯಾನ್ಸರ್ ಕಂಡಿದ್ದರಿಂದ 15 ಗ್ರೇ ಕೊಟ್ಟರು. ಏಳೆಂಟು ತಿಂಗಳು ಏನೂ ಇರಲಿಲ್ಲ. ಆಮೇಲೆ ಬಲಗಾಲಿನ ಹಿಂಬದಿ ಜೋಮು ಹಿಡಿಯಲು ಶುರುವಾಯಿತು. ರಾತ್ರಿ ಉರಿ. ಮೆಟ್ಟಿಲು ಹತ್ತುವಾಗ ಪಾದ ಸರಿಯಾಗಿ ಏಳುವುದಿಲ್ಲ. ಕ್ಯಾನ್ಸರ್ ಮತ್ತೆ ಬಂತೋ ಎಂದು ಎದೆ ಒಡೆದುಹೋಗಿತ್ತು. ಸ್ಕ್ಯಾನ್‌ನಲ್ಲಿ ಗಡ್ಡೆ ಇರಲಿಲ್ಲ, ನರಕ್ಕೆ ಆದ ಪೆಟ್ಟು ಎಂದು ತಿಳಿಯಿತು.

ಈಗ ನರದ ನೋವಿಗೆ ಪ್ರೆಗಾಬಲಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಫಿಸಿಯೋಥೆರಪಿ ಬಿಟ್ಟಿಲ್ಲ. ನೋವು ಇಳಿದಿದೆ, ಜೋಮು ಹೋಗಿಲ್ಲ. 12.5ರ ಒಳಗಿದ್ದರೆ ಈ ತೊಂದರೆ ಕಡಿಮೆ, 15 ಮತ್ತು ಅದಕ್ಕೂ ಮೇಲೆ ಹೋದಂತೆ ಜಾಸ್ತಿ ಎಂದು ಡಾಕ್ಟರು ಆಮೇಲೆ ಹೇಳಿದರು. ಅದನ್ನು ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು. ಹೇಳಿದ್ದರೂ ನಾನು ಒಪ್ಪುತ್ತಿದ್ದೆ. ಆದರೆ ಆ ಏಳನೇ ತಿಂಗಳಲ್ಲಿ ಅಷ್ಟು ಹೆದರುತ್ತಿರಲಿಲ್ಲ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳದ ಬಗ್ಗೆಯೂ ಕೇಳಿ. ಅದು ಕಿರಣದ ದಾರಿಯಲ್ಲಿ ಸಿಕ್ಕರೆ ಮುಂದೆ ಕಿರಿದಾಗಬಹುದು, ಆಗ ಕಿಡ್ನಿ ಊದಿಕೊಳ್ಳುತ್ತದೆ. ನನ್ನ ಪಕ್ಕದ ಬೆಡ್‌ನವರಿಗೆ ಅದಕ್ಕಾಗಿ ಸ್ಟೆಂಟ್ ಹಾಕಿದ್ದರು.

ಅಮ್ಮನ ಜೊತೆಗಿದ್ದ ಮಗ:

ನಮ್ಮ ಅಮ್ಮನಿಗೆ ಎಲ್ಲ ಸಿದ್ಧತೆ ಆಗಿತ್ತು, ಸಹಿಯೂ ಆಗಿತ್ತು. ಕೊನೆಗೆ ಕೊಡಲೇ ಇಲ್ಲ. ಎಂಆರ್‌ಐನಲ್ಲಿ ಅಂಟಿಕೊಂಡಂತೆ ಕಂಡಿದ್ದು ಹಳೆಯ ರೇಡಿಯೇಷನ್‌ನಿಂದ ಆದ ಗಾಯದ ಗುರುತು ಮಾತ್ರ, ಒಳಗೆ ಕ್ಯಾನ್ಸರ್ ಇರಲಿಲ್ಲ. ಅಂಚು ಸ್ವಚ್ಛವಾಗಿ, ಧಾರಾಳವಾಗಿ ಸಿಕ್ಕಿತು. ಹೊರಗೆ ಬಂದು "ಬೇಕಾಗಲಿಲ್ಲ" ಎಂದಾಗ ನಾವು ಏನೋ ಕೈತಪ್ಪಿತು ಎಂದು ಅತ್ತೆವು. ಅದು ಒಳ್ಳೆಯ ಸುದ್ದಿ ಎಂದು ಅರ್ಥವಾಗಲು ಎರಡು ದಿನ ಬೇಕಾಯಿತು. ನೀವು ಹಾಗೆ ಅಳಬೇಡಿ ಎಂದೇ ಇದನ್ನು ಬರೆದೆ.

ಅಣ್ಣನಿಗಾಗಿ ಇದನ್ನೆಲ್ಲ ಓದಿದವರು:

ಮೊದಲ ಉತ್ತರ ಬರೆದ ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. "ಒಪ್ಪಿ" ಎಂದು ಎಲ್ಲರಿಗೂ ಹೇಳಲು ಬರುವುದಿಲ್ಲ.

ಫ್ರಾನ್ಸ್‌ನಲ್ಲಿ 142 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ್ದರು. ಫಲಿತಾಂಶ 2011ರಲ್ಲಿ ಬಂತು. ಎರಡೂ ಗುಂಪಿಗೆ ಮೊದಲೇ ಹೊರಗಿನ ರೇಡಿಯೇಷನ್ ಆಗಿತ್ತು. ಒಂದು ಗುಂಪಿಗೆ ಆಪರೇಷನ್ ವೇಳೆ 18 ಗ್ರೇ, ಇನ್ನೊಂದಕ್ಕೆ ಆಪರೇಷನ್ ಮಾತ್ರ. ಐದು ವರ್ಷದ ನಂತರ ಅದೇ ಜಾಗದಲ್ಲಿ ಕ್ಯಾನ್ಸರ್ ಬರದೆ ಇದ್ದವರು ಕ್ರಮವಾಗಿ 91.8% ಮತ್ತು 92.8%. ಅಂದರೆ ವ್ಯತ್ಯಾಸವೇ ಇಲ್ಲ. ಆಪರೇಷನ್ ಒಂದೇ ಅಷ್ಟು ಚೆನ್ನಾಗಿ ಕೆಲಸ ಮಾಡಿದವರಿಗೆ ಸುಮ್ನೆ ಇನ್ನೊಂದು ಡೋಸ್ ಸೇರಿಸಿ ಪ್ರಯೋಜನವಿಲ್ಲ, ನರದ ಅಪಾಯ ಮಾತ್ರ ಮೇಲೆ ಬೀಳುತ್ತದೆ.

ಆದರೆ ಅಕ್ಕನ ಮನೆಯವರ ಸ್ಥಿತಿ ಬೇರೆ, ಅಲ್ವಾ? ಗಡ್ಡೆ ಮರಳಿ ಬಂದವರ ಬಗ್ಗೆ ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಆಸ್ಪತ್ರೆ ತಮ್ಮ 565 ರೋಗಿಗಳ ಲೆಕ್ಕ ಒಟ್ಟುಗೂಡಿಸಿದ್ದವು. ಅಲ್ಲಿ ಎಲ್ಲರಿಗೂ ಆಪರೇಷನ್ ಮಧ್ಯೆ ಎಲೆಕ್ಟ್ರಾನ್ ಕೊಟ್ಟಿದ್ದರು, ಕೊಡದವರ ಜೊತೆ ಹೋಲಿಕೆ ಇಲ್ಲ. ಅಷ್ಟಾದರೂ ಅದರಲ್ಲಿ ಎದ್ದು ಕಂಡದ್ದು ಒಂದೇ. ಅಂಚು ಸ್ವಚ್ಛವಾಗಿ ಸಿಕ್ಕವರು ಹೆಚ್ಚು ಕಾಲ ಬದುಕಿದರು. ಅಂದರೆ ಸರ್ಜನ್ ಕೈಕೆಲಸವನ್ನು ಈ ಡೋಸ್ ತುಂಬಿಕೊಡುವುದಿಲ್ಲ. ಗಡ್ಡೆಯನ್ನು ಸುತ್ತಲಿನ ಕೊಬ್ಬಿನ ಪದರದ ಸಮೇತ ಇಡಿಯಾಗಿ ತೆಗೆಯುವುದೇ ಮೊದಲ ಕೆಲಸ. ಇನ್ನು ಮುಂದೆ ಕತ್ತರಿಸಲಾಗದು ಎಂಬ ಜಾಗದಲ್ಲಿ ಮಾತ್ರ ಈ ಡೋಸ್‌ಗೆ ಅರ್ಥವಿದೆ.

ಹಾಗಾಗಿ ಎಂಆರ್‌ಐ ತೆರೆದು ತೋರಿಸಿ ಎನ್ನಿ. ಯಾವ ಜಾಗದಲ್ಲಿ ಅಂಚು ಸಿಗದು ಎಂಬ ಅನುಮಾನ, ಬೆರಳಿಟ್ಟು ತೋರಿಸಲಿ. ಗಡ್ಡೆಯಿಂದ ಕತ್ತರಿಸಿದ ಅಂಚಿಗೆ 1 ಮಿಲಿಮೀಟರ್‌ಗಿಂತ ಜಾಸ್ತಿ ದೂರ ಸಿಗುತ್ತದಾ? ಅಷ್ಟೂ ಸಿಗದಿದ್ದರೆ ಸೇಕ್ರಮ್‌ನ ತುಂಡನ್ನೂ ಸೇರಿಸಿ ತೆಗೆಯುವ ಯೋಚನೆ ಇದೆಯಾ?

ಟೆಕ್ನಿಷಿಯನ್, ಮತ್ತೊಮ್ಮೆ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕಾಲಿನ ಕಷ್ಟ ಬರೆದ ಅಣ್ಣನಿಗೂ ಧನ್ಯವಾದ. ಅದನ್ನು ನಾನೇ ಹೇಳಬೇಕಿತ್ತು. ಆ ಆಸ್ಪತ್ರೆಯಲ್ಲಿ ಯಂತ್ರ ಥಿಯೇಟರ್ ಒಳಗೇ ಇದೆಯಾ, ಇಲ್ಲವೇ ಅರಿವಳಿಕೆಯಲ್ಲೇ ಬೇರೆ ಕೋಣೆಗೆ ಸಾಗಿಸಬೇಕಾ ಎಂದು ಕೇಳಿ. ಈ ಕೆಲಸವನ್ನು ಅವರು ಎಷ್ಟು ಸಲ ಮಾಡಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ ಕೇಳಿದವರು, ಎಂಟು ದಿನದ ನಂತರ:

ಇಷ್ಟು ಜನ ಬರೆದಿರಿ. ಓದುತ್ತಾ ಅಪ್ಪ, ನಾನು ಇಬ್ಬರೂ ಅತ್ತೆವು, ಆಮೇಲೆ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋದೆವು.

ಸರ್ಜನ್ ಎಂಆರ್‌ಐ ತೆರೆದು ತೋರಿಸಿದರು. ಸೇಕ್ರಮ್ ಮುಂದಿನ ಒಂದು ಸಣ್ಣ ಜಾಗ, ಎಡಕ್ಕೆ. ಅದು ಗಾಯದ ಗುರುತೋ ಕ್ಯಾನ್ಸರೋ ತೆರೆದಾಗಲೇ ಗೊತ್ತಾಗುವುದು ಎಂದರು. ಫ್ರೋಜನ್ ಸೆಕ್ಷನ್ ಸ್ವಚ್ಛವಾಗಿ ಬಂದು ಅಂಚು ಧಾರಾಳವಾಗಿದ್ದರೆ ಕೊಡುವುದಿಲ್ಲ. ಹತ್ತಿರವಿದ್ದರೆ 10ರಿಂದ 12.5. ಅಂಚಿನಲ್ಲಿ ಕ್ಯಾನ್ಸರ್ ಇದ್ದರೆ 15, ಆಗ ಎಡಗಾಲಿಗೆ ತೊಂದರೆಯಾಗಬಹುದು ಎಂದು ಅವರೇ ಅಪ್ಪನ ಕಾಲು ಮುಟ್ಟಿ ಹೇಳಿದರು. ರೇಡಿಯೇಷನ್ ಡಾಕ್ಟರೂ ಅದೇ ಕೋಣೆಯಲ್ಲಿ ಕೂತಿದ್ದರು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಕಾಲು ಜೋಮು ಹಿಡಿದರೂ ನಡೆಯಬಹುದಾ?" ಹೆಚ್ಚಿನವರು ನಡೆಯುತ್ತಾರೆ ಎಂದರು. ಅಪ್ಪ ಸಹಿ ಹಾಕಿದರು. ಮುಂದಿನ ಸೋಮವಾರ ಆಪರೇಷನ್.