ಮಗಳಿಗೆ ದತ್ತಿನ ವಿಷಯ ಯಾವಾಗ ಹೇಳುವುದು? ಅನುಭವಸ್ಥರ ಉತ್ತರಗಳು

ದಾವಣಗೆರೆಯ ತಾಯಿಯ ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ಕೇಂದ್ರ ಸರ್ಕಾರದ ದತ್ತು ಸಂಸ್ಥೆಯಾದ ಕಾರಾ ಮೂಲಕ ದತ್ತು ಪಡೆದೆವು. ಅತ್ತೆ, ಮಾವ ಅವಳನ್ನು ನೆಲಕ್ಕೆ ಬಿಡುವುದಿಲ್ಲ. ಆದರೆ ದತ್ತು ಎಂದು ಅವಳಿಗೆ ಎಂದೂ ಹೇಳಕೂಡದೆಂದು ಪಟ್ಟು ಹಿಡಿದಿದ್ದಾರೆ. ಮೈದುನನ ಬಾಯಲ್ಲಿ ಆಗಲೇ "ಆಸ್ತಿ ಹೊರಗಿನವರ ಪಾಲಾಗುತ್ತದೆ" ಎಂಬ ಮಾತು. ಹೇಳಬೇಕೇ? ಹೇಗೆ? ಅವಳ ಹಕ್ಕಿಗೆ ತೊಂದರೆಯಾಗದಂತೆ ಈಗಲೇ ಏನು ಮಾಡಿಡಬೇಕು?

ತುಮಕೂರಿನ ತಾಯಿ, ಮಗನಿಗೆ ಹನ್ನೊಂದು: ಹೇಳಿ, ಇವತ್ತಿನಿಂದಲೇ. ಹೇಳುವುದಕ್ಕೆಂದು ಒಂದು ದಿನ ಗೊತ್ತುಮಾಡಿಕೊಂಡು ಕಾಯಬೇಡಿ, ಆ ದಿನ ಮಗುವಿಗೆ ಸಿಡಿಲು ಬಡಿದಂತಾಗುತ್ತದೆ. ನನ್ನ ಮಗ ಮಾತು ಕಲಿಯುವ ಮೊದಲೇ, ಅವನು ಮನೆಗೆ ಬಂದ ದಿನದ ಕಥೆಯನ್ನು ಮಲಗಿಸುವಾಗ ಹೇಳುತ್ತಿದ್ದೆ: ರೈಲು, ಮಳೆ, ಅಜ್ಜ ಚಪ್ಪಲಿ ಮರೆತದ್ದು. ನಾಲ್ಕರ ವಯಸ್ಸಿನಲ್ಲಿ "ನಾನು ನಿನ್ನ ಹೊಟ್ಟೆಯಲ್ಲಿದ್ದೆನಾ?" ಎಂದು ಕೇಳಿದ. "ಇಲ್ಲ, ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿದ್ದೆ, ಆಮೇಲೆ ನಮ್ಮ ಮನೆಗೆ ಬಂದೆ" ಎಂದೆ. "ಬಿಸ್ಕತ್ತು ಕೊಡು" ಎಂದ.

ಕಷ್ಟದ ಪ್ರಶ್ನೆ ಎಂಟೊಂಬತ್ತರ ಹೊತ್ತಿಗೆ ಬರುತ್ತದೆ: ಆ ಅಮ್ಮ ನನ್ನನ್ನು ಏಕೆ ಬಿಟ್ಟಳು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. "ಪಾಪ, ಬಡವಳಾಗಿದ್ದಳು" ಎಂದು ಕಥೆ ಕಟ್ಟಿದರೆ, ನಾಳೆ ನಿಮ್ಮ ಸಂಬಳ ತಡವಾದಾಗ ಮಗು ಹೆದರುತ್ತದೆ. "ನೂರು ಮಕ್ಕಳಲ್ಲಿ ನಿನ್ನನ್ನೇ ಆರಿಸಿದೆವು" ಎನ್ನುವುದೂ ಬೇಡ. ಆರಿಸಿದವರು ಬಿಡಲೂಬಹುದಲ್ಲ ಎಂದು ಮಗು ಯೋಚಿಸುತ್ತದೆ. ಮೇಲಾಗಿ ಅದು ನಿಜವೂ ಅಲ್ಲ. ನಮ್ಮ ಸರದಿ ಬಂದಾಗ ಮಗುವಿನ ವಿವರ ಬರುತ್ತದೆ, 48 ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು, ಅಷ್ಟೇ.

ಧಾರವಾಡದಿಂದ, ದತ್ತು ಹೋದ ಮಗ: ನಿಮ್ಮ ಅತ್ತೆ ಮಾವನಿಗೆ ಇದನ್ನು ಓದಿ ಹೇಳಿ. ನನಗೆ ವಿಷಯ ತಿಳಿದದ್ದು ಇಪ್ಪತ್ತರ ವಯಸ್ಸಿನಲ್ಲಿ, ಅಪ್ಪನ ತಿಥಿಯ ದಿನ, ಪಿಂಡ ಯಾರಿಡಬೇಕೆಂಬ ಜಗಳದಲ್ಲಿ. ಅಡುಗೆಗೆ ಬಂದವರಿಗೂ ಗೊತ್ತಿದ್ದ ಸಂಗತಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಆ ಅವಮಾನ ಇಂದಿಗೂ ಹೋಗಿಲ್ಲ. ನೆಂಟರಿಷ್ಟರಿಗೆಲ್ಲ ತಿಳಿದ ಗುಟ್ಟು ಎಷ್ಟು ವರ್ಷ ಉಳಿದೀತು?

ಹೆತ್ತವರ ಮೂಲ ಹುಡುಕಲು ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು, ಚಿಕ್ಕವರಾದರೆ ತಂದೆತಾಯಿಯ ಜೊತೆ. ಮೂರನೆಯವರು ಹುಡುಕುವಂತಿಲ್ಲ. ಮಗುವನ್ನು ಒಪ್ಪಿಸುವಾಗ ಹೆತ್ತವರು ತಮ್ಮ ಗುರುತು ಗುಟ್ಟಾಗಿಡಲು ಕೇಳಿದ್ದರೆ ಅವರ ಒಪ್ಪಿಗೆ ಬೇಕು. ನನಗೆ ಹುಡುಕುವ ಮನಸ್ಸಾಗಲಿಲ್ಲ, ಗೆಳತಿಯೊಬ್ಬಳಿಗೆ ಆಗಿದೆ. ಸಾಕಿದ ಅಮ್ಮನ ಮೇಲೆ ಅವಳಿಗೆ ಪ್ರೀತಿ ಕಡಿಮೆ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ದತ್ತಿನ ವೇಳೆ ಕೊಟ್ಟ, ಮಗುವಿನ ಹಿನ್ನೆಲೆ ತಿಳಿಸುವ ಅಧ್ಯಯನ ವರದಿ, ವೈದ್ಯಕೀಯ ವರದಿ, ಬಂದಾಗ ತೊಟ್ಟಿದ್ದ ಬಟ್ಟೆ, ಎಲ್ಲವನ್ನೂ ಎತ್ತಿಡಿ. ಅವು ಅವಳ ಸ್ವತ್ತು.

ಶಿವಮೊಗ್ಗದ ವಕೀಲೆ: ಮೈದುನನಿಗೆ ಉತ್ತರ 2015ರ ಬಾಲನ್ಯಾಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿದೆ. ದತ್ತು ಆದೇಶ ಜಾರಿಗೆ ಬಂದ ದಿನದಿಂದ ಅವಳು ನಿಮಗೇ ಹುಟ್ಟಿದ ಮಗಳು, ಉಯಿಲಿಲ್ಲದ ಆಸ್ತಿಯ ಉತ್ತರಾಧಿಕಾರಕ್ಕೂ. ಆದರೆ ಮಾವನವರು ತಮ್ಮ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಹೆತ್ತ ಮಗಳಾಗಿದ್ದರೂ ಅಷ್ಟೇ. ನೀವಿಬ್ಬರೂ ಉಯಿಲು ಬರೆದಿಡಿ, ಇಬ್ಬರೂ ಇಲ್ಲವಾದರೆ ಅವಳ ಪಾಲಕರು ಯಾರೆಂದು ಅದರಲ್ಲಿ ಹೆಸರಿಸಿ. ದತ್ತು ಆದೇಶದ ದೃಢೀಕೃತ ಪ್ರತಿಗಳನ್ನು ಇಟ್ಟುಕೊಳ್ಳಿ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಜಿಲ್ಲಾಧಿಕಾರಿ, ಅದಕ್ಕೆ ಮೊದಲು ನ್ಯಾಯಾಲಯ. ಜನನ ಪ್ರಮಾಣಪತ್ರದಲ್ಲಿ ತಂದೆತಾಯಿ ಎಂದು ನಿಮ್ಮ ಹೆಸರೇ ಇರಬೇಕು. ಶಾಲೆಗೆ ಅದನ್ನು ಕೊಡಿ, ದತ್ತು ಆದೇಶವನ್ನು ನೀವಾಗಿಯೇ ಲಗತ್ತಿಸಬೇಡಿ.

ಇದನ್ನು ಓದುತ್ತಿರುವ ಇತರರಿಗೆ: "ನರ್ಸಿಂಗ್ ಹೋಮಿನಲ್ಲಿ ಮಗು ಇದೆ, ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕು" ಎನ್ನುವ ಮಧ್ಯವರ್ತಿಯನ್ನು ಬಾಗಿಲಿನಿಂದಲೇ ಕಳಿಸಿ. ಮಗುವನ್ನು ಕೊಳ್ಳುವುದೂ ಮಾರುವುದೂ ಐದು ವರ್ಷದವರೆಗಿನ ಕಠಿಣ ಸೆರೆವಾಸದ ಅಪರಾಧ.

ಮಂಗಳೂರಿನ ತಂದೆ, ಮಗಳು ಬಂದದ್ದು ಏಳರ ವಯಸ್ಸಿನಲ್ಲಿ: ನಮ್ಮಲ್ಲಿ ಹೇಳುವ ಪ್ರಶ್ನೆಯೇ ಇರಲಿಲ್ಲ, ಅವಳಿಗೆ ಎಲ್ಲವೂ ನೆನಪಿತ್ತು. ಪೇಚಾಟ ಶುರುವಾದದ್ದು ಶಾಲೆಯಲ್ಲಿ. "ಮೊದಲ ಹುಟ್ಟುಹಬ್ಬದ ಫೋಟೊ ತನ್ನಿ" ಎಂದರು. "ಇಷ್ಟದ ಹಳೆಯ ಫೋಟೊ" ಎಂದು ಇಡೀ ತರಗತಿಗೇ ಬದಲಿಸಲು ಕೇಳಿಕೊಂಡೆ, ಬದಲಿಸಿದರು. ಕಾರಣವನ್ನು ಹೇಳಿದ್ದು ಮಗಳ ಅನುಮತಿ ಕೇಳಿದ ಮೇಲೆ.

ದಾವಣಗೆರೆಯ ತಾಯಿ: ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ತಿಥಿಯ ಮಾತಿಗೆ ಬಂದಾಗ ಎದ್ದು ಒಳಗೆ ಹೋದರು. ರಾತ್ರಿ ಬಂದು, "ಹೇಳುವುದಾದರೆ ನಾನೇ ಹೇಳುತ್ತೇನೆ, ನಿನಗೆ ಕಥೆ ಹೇಳಲು ಬರುವುದಿಲ್ಲ" ಎಂದರು. ವಕೀಲರೇ, ಉಯಿಲನ್ನು ನೋಂದಣಿ ಮಾಡಿಸಲೇಬೇಕೇ?

ಶಿವಮೊಗ್ಗದ ವಕೀಲೆ: ಕಡ್ಡಾಯವಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಆದರೆ ನಿಮ್ಮ ಮೈದುನನನ್ನು ನೋಡಿದರೆ, ನೋಂದಣಿ ಮಾಡಿಸಿ.