ಸಂಬಳದಲ್ಲಿ ಇಎಸ್‌ಐ ಹಿಡಿದಿದಾರೆ, ಪೋರ್ಟಲ್‌ನಲ್ಲಿ ಏಳು ತಿಂಗಳಿಂದ ಸೊನ್ನೆ, ಈಗ ಕೆಲಸಾನೂ ಹೋಯ್ತು

ಪೀಣ್ಯ_ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಪೀಣ್ಯ ಕಡೆ ಒಂದು ಸಣ್ಣ ಫ್ಯಾಬ್ರಿಕೇಶನ್ ಯೂನಿಟ್‌ನಲ್ಲಿ ಎರಡೂವರೆ ವರ್ಷ ಕೆಲಸ ಮಾಡ್ದೆ, ಹದಿನಾಲ್ಕು ಜನ ಇದ್ವಿ. ಅಕ್ಟೋಬರ್ ಕೊನೆಗೆ ಆರ್ಡರ್ ಇಲ್ಲ ಅಂತ ಆರು ಜನರನ್ನ ಬಿಟ್ಟುಬಿಟ್ರು, ಅದರಲ್ಲಿ ನಾನೂ ಒಬ್ಬ. ಕೆಲಸ ಹೋದವರಿಗೆ ಇಎಸ್‌ಐ, ಅಂದ್ರೆ ನೌಕರರ ರಾಜ್ಯ ವಿಮೆಯಿಂದ ಅಟಲ್ ಬೀಮಿತ್ ಯೋಜನೆ ಅಂತ ಮೂರು ತಿಂಗಳು ದುಡ್ಡು ಬರುತ್ತೆ ಅಂತ ಗೆಳೆಯ ಹೇಳ್ದ, ಅದಕ್ಕೆ ಪೋರ್ಟಲ್‌ಗೆ ಲಾಗಿನ್ ಆಗಿ ನೋಡಿದ್ರೆ ಮಾರ್ಚ್‌ವರೆಗೂ ಎಲ್ಲಾ ಸರಿಯಾಗಿದೆ, ಏಪ್ರಿಲ್‌ನಿಂದ ಒಂದು ರೂಪಾಯಿನೂ ಕಟ್ಟಿಲ್ಲ. ನನ್ನ ಸಂಬಳ 16,000, ಪೇಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಇಎಸ್‌ಐ 120 ಅಂತ ಹಿಡಿದಿದ್ದು ನೀಟಾಗಿ ಪ್ರಿಂಟ್ ಆಗಿದೆ. ಓನರ್ ಕೇಳಿದ್ರೆ "ಕಟ್ತೀನಿ ಬಿಡಪ್ಪ, ಮೊದಲು ರಾಜೀನಾಮೆ ಬರ್ಕೊಡು" ಅಂತಾರೆ. ಮನೇಲಿ ಇಬ್ಬರು ಮಕ್ಕಳು, ನಿಜವಾಗ್ಲೂ ಕಷ್ಟ ಆಗಿದೆ. ನನಗೆ ಆ ದುಡ್ಡು ಸಿಗುತ್ತಾ? ಅವರು ಕಟ್ಟದೇ ಇದ್ದಿದ್ದಕ್ಕೆ ನಾನು ಯಾಕೆ ಅನುಭವಿಸಬೇಕು?

ಲೆಕ್ಕದವಳು:
ನಾನು ಹನ್ನೆರಡು ವರ್ಷದಿಂದ ಸಣ್ಣ ಸಣ್ಣ ಯೂನಿಟ್‌ಗಳ ಪಿಎಫ್, ಇಎಸ್‌ಐ ಫೈಲಿಂಗ್ ಮಾಡ್ತಿದೀನಿ, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಉರೀತು. ಮೊದಲು ಒಂದು ಮಾತು, ರಾಜೀನಾಮೆ ಸದ್ಯಕ್ಕೆ ಬರ್ಕೊಡಬೇಡಿ. ನಿಮ್ಮ ಕೊನೆ ದಿನ ಯಾವುದು, ಯಾಕೆ ಕೆಲಸ ಬಿಟ್ರಿ ಅನ್ನೋದನ್ನ ಪೋರ್ಟಲ್‌ನಲ್ಲಿ ಹಾಕೋದು ಅವರೇ. ಸ್ವಯಂ ನಿವೃತ್ತಿ ಅಂತಾನೋ, ತಪ್ಪು ಮಾಡಿದ್ದಕ್ಕೆ ತೆಗೆದ್ವಿ ಅಂತಾನೋ ದಾಖಲಾದ್ರೆ ಈ ಯೋಜನೆ ಸಿಗಲ್ಲ. ಕೆಲಸ ಇಲ್ಲ ಅಂತ ಬಿಟ್ಟಿದಾರೆ ಅನ್ನೋದಕ್ಕೆ ಒಂದು ವಾಟ್ಸಾಪ್ ಮೆಸೇಜ್ ಇದ್ರೂ ತೆಗೆದಿಟ್ಕೊಳ್ಳಿ.

ಈಗ ದುಡ್ಡಿನ ವಿಷಯ. ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25, ಇದು 2019ರ ಜುಲೈಯಿಂದ ಇರೋ ರೇಟು. ಅಂದ್ರೆ ನಿಮ್ಮ 120ಕ್ಕೆ ಅವರು 520 ಸೇರಿಸಿ ಒಟ್ಟು 640 ಮುಂದಿನ ತಿಂಗಳು 15ನೇ ತಾರೀಖಿನೊಳಗೆ ಕಟ್ಟಬೇಕಿತ್ತು. ಎರಡೂ ಪಾಲು ಕಟ್ಟೋ ಜವಾಬ್ದಾರಿ ಮಾಲೀಕರದ್ದೇ, ಅವರ 520ನ್ನ ನಿಮ್ಮ ಸಂಬಳದಲ್ಲಿ ಮುರಿಯೋ ಹಾಗೂ ಇಲ್ಲ. ನಿಮ್ಮಿಂದ ಹಿಡಿದ ದುಡ್ಡು ಅವರದ್ದಲ್ಲ, ಅವರ ಕೈಲಿ ನಂಬಿ ಕೊಟ್ಟಿರೋದು ಅಂತಾನೇ ಕಾನೂನು ಹೇಳೋದು, ಹಿಡಿದು ಕಟ್ಟದೇ ಇದ್ರೆ ಅದು ನಂಬಿಕೆದ್ರೋಹದ ಕ್ರಿಮಿನಲ್ ಕೇಸೇ ಆಗಬಹುದು.

ನಿಮಗೆ ಏಟು ಬಿದ್ದಿರೋದು ಎಲ್ಲಿ ಅಂದ್ರೆ, ಇಎಸ್‌ಐಯಲ್ಲಿ ಕಂತು ಕಟ್ಟೋ ಅವಧಿ ವರ್ಷಕ್ಕೆ ಎರಡು, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗೋಕೆ ಮುಂಚಿನ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಇರಬೇಕು, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದ್ರೂ ಒಂದರಲ್ಲಿ ಮತ್ತೆ 78 ದಿನ. ಹಿಂದಿನದು ನಿಮ್ಮತ್ರ ಇದೆ, ಆದ್ರೆ ನಿಮಗೆ ಬೇಕಾಗಿರೋ ಏಪ್ರಿಲ್‌–ಸೆಪ್ಟೆಂಬರ್ ಪೂರ್ತಿ ಸೊನ್ನೆ. ಅದು ತುಂಬಿದ್ರೆ ಸರಾಸರಿ ದಿನಗೂಲಿಯ ಶೇ. 50ರಂತೆ 90 ದಿನದವರೆಗೆ ಬರುತ್ತೆ, ಜೀವನದಲ್ಲಿ ಒಂದೇ ಸಲ. ಯೋಜನೆಯನ್ನ ಆಗಾಗ ವಿಸ್ತರಿಸ್ತಾ ಬಂದಿದಾರೆ, ಹಾಗಾಗಿ ಬ್ರಾಂಚ್ ಆಫೀಸ್‌ನಲ್ಲಿ ಈಗಿನ ನಿಯಮ ಕೇಳ್ಕೊಳ್ಳಿ. ಕ್ಲೇಮ್‌ಗೆ ಓನರ್ ಕೈ ಕಾಯಬೇಕಿಲ್ಲ, ಕೆಲಸ ಹೋಗಿ 30 ದಿನ ಆದ್ಮೇಲೆ ನೀವೇ ನೇರವಾಗಿ ಹಾಕಬಹುದು, ದುಡ್ಡು ನಿಮ್ಮ ಅಕೌಂಟ್‌ಗೇ ಬರುತ್ತೆ.

ಸೊ ಏಳು ತಿಂಗಳ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪೋರ್ಟಲ್‌ನ ಸ್ಕ್ರೀನ್‌ಶಾಟ್ ಎಲ್ಲಾ ಜೆರಾಕ್ಸ್ ಮಾಡಿಸಿ, ಆರೂ ಜನ ಒಟ್ಟಿಗೆ ಸಹಿ ಹಾಕಿ ದೂರು ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ವಾಪಸ್ ಬರಬೇಡಿ.

ಸಣ್ಣ_ಯೂನಿಟ್:
ನಾನು ಮಾಲೀಕರ ಕಡೆಯವನು, ಆದ್ರೆ ನಿಮ್ಮ ಓನರ್ ಮಾಡಿದ್ದು ತಪ್ಪೇ. ನನ್ನ ತಪ್ಪೂ ಹೇಳ್ತೀನಿ, ಇಲ್ಲಿ ಓದೋ ಬೇರೆ ಮಾಲೀಕರಿಗೆ ಉಪಯೋಗ ಆಗ್ಲಿ. ನನ್ನ ಹತ್ರ ರೋಲ್‌ನಲ್ಲಿ ಎಂಟು ಜನ, ಕಾಂಟ್ರಾಕ್ಟರ್ ಕಳಿಸ್ತಿದ್ದ ಹೆಲ್ಪರ್‌ಗಳು ಮೂರು ಜನ. ಹತ್ತು ಜನ ಆದ್ರೆ ತಾನೇ ರಿಜಿಸ್ಟ್ರೇಶನ್, ನಂದು ಎಂಟೇ ಅಂತ ಸುಮ್ಮನಿದ್ದೆ. ಕಾಂಟ್ರಾಕ್ಟ್‌ನವರೂ ಲೆಕ್ಕಕ್ಕೆ ಬರ್ತಾರೆ ಅಂತ ಇನ್ಸ್‌ಪೆಕ್ಷನ್ ಬಂದಾಗಲೇ ಗೊತ್ತಾಗಿದ್ದು. ಅನ್ವಯ ಆದ 15 ದಿನದೊಳಗೆ ಆನ್‌ಲೈನ್‌ನಲ್ಲಿ ರಿಜಿಸ್ಟರ್ ಆಗಬೇಕಿತ್ತು, ನಾನು ಹದಿನೆಂಟು ತಿಂಗಳು ತಡ. ಹಳೇ ಬಾಕಿ ಪೂರ್ತಿ, ಅದರ ಮೇಲೆ ವರ್ಷಕ್ಕೆ ಶೇ. 12 ಬಡ್ಡಿ, ದಂಡ ಬೇರೆ. ಹುಡುಗರ ಪಾಲಾದ್ರೂ ಈಗಿನ ಸಂಬಳದಲ್ಲಿ ಹಿಡಿಯೋಣ ಅಂದ್ರೆ ಅದೂ ಆಗಲ್ಲ, ಯಾವ ತಿಂಗಳ ಪಾಲೋ ಆ ತಿಂಗಳ ಸಂಬಳದಲ್ಲೇ ಹಿಡಿಯಬೇಕು, ತಪ್ಪಿದ್ರೆ ಮಾಲೀಕನ ಜೇಬಿಂದಾನೇ. ಇನ್ನೊಂದು, ಒಂದ್ಸಲ ಅನ್ವಯ ಆದ್ಮೇಲೆ ಜನ ಹತ್ತಕ್ಕಿಂತ ಕಮ್ಮಿ ಆದ್ರೂ ಕಟ್ತಾನೇ ಇರಬೇಕು, ಹಾಗಾಗಿ ನಿಮ್ಮ ಓನರ್ "ಈಗ ಎಂಟೇ ಜನ, ನಂಗೆ ಇಎಸ್‌ಐ ಇಲ್ಲ" ಅಂದ್ರೆ ನಂಬಬೇಡಿ.

ಟೈಲರಿಂಗ್_ಅಕ್ಕ:
ಇಲ್ಲೇ ಒಂದು ಡೌಟ್ ಕೇಳ್ಬಹುದಾ, ನನ್ನ ಸಂಬಳ ಜುಲೈನಲ್ಲಿ 21,500 ಆಯ್ತು, ಮ್ಯಾನೇಜರ್ ಆ ತಿಂಗಳಿಂದಲೇ ಇಎಸ್‌ಐ ನಿಲ್ಲಿಸಿಬಿಟ್ರು, ಸರೀನಾ?

ಲೆಕ್ಕದವಳು:
ಸರಿಯಲ್ಲ ಅಕ್ಕ. ಇಎಸ್‌ಐಗೆ ತಿಂಗಳ ಸಂಬಳದ ಮಿತಿ 21,000 ನಿಜ, ಆದ್ರೆ ಅವಧಿ ಮಧ್ಯೆ ದಾಟಿದ್ರೆ ಆ ಅವಧಿ ಮುಗಿಯೋವರೆಗೂ, ಅಂದ್ರೆ ಸೆಪ್ಟೆಂಬರ್‌ವರೆಗೂ, ಪೂರ್ತಿ ಸಂಬಳದ ಮೇಲೆ ಕಟ್ಟಬೇಕು. ಬರವಣಿಗೆಯಲ್ಲಿ ಕೇಳಿ.

ಪೀಣ್ಯ_ಫಿಟ್ಟರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಆರರಲ್ಲಿ ಐದು ಜನ ಬ್ರಾಂಚ್ ಆಫೀಸ್‌ಗೆ ಹೋಗಿದ್ವಿ, ಒಬ್ಬನು ಹೊಸ ಕಡೆ ಓನರ್ ಪರಿಚಯದವರ ಹತ್ರ ಸೇರಿರೋದ್ರಿಂದ ಹೆದರಿ ಬರಲಿಲ್ಲ, ಅವನ ಮೇಲೆ ಬೇಜಾರಿಲ್ಲ. ಕೌಂಟರ್‌ನಲ್ಲಿದ್ದ ಮೇಡಂ ಪೇಸ್ಲಿಪ್ ಒಂದೊಂದೇ ತಿರುಗಿಸಿ, 120 ಅಂತ ಇರೋ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕ್ಕೊಂಡು, ಕಂಪ್ಯೂಟರ್‌ನಲ್ಲಿ ಚೆಕ್ ಮಾಡಿ ದೂರು ತಗೊಂಡ್ರು, ಸೀಲ್ ಹಾಕಿಸ್ಕೊಂಡೆ. ಸಂಜೆಗೇ ಓನರ್ ಫೋನ್ ಬಂತು, ಈ ವಾರ ಬಾಕಿ ಕಟ್ತೀನಿ, ದೂರು ವಾಪಸ್ ತಗೋ ಅಂತ. ಪೋರ್ಟಲ್‌ನಲ್ಲಿ ಏಪ್ರಿಲ್‌ನಿಂದ ಎಲ್ಲಾ ದಿನ ಕಾಣಿಸಲಿ ಸಾರ್, ಆಮೇಲೆ ಮಾತಾಡೋಣ ಅಂದೆ. ದಿನಾ ಬೆಳಿಗ್ಗೆ ಲಾಗಿನ್ ಆಗಿ ನೋಡ್ತಿದೀನಿ, ತುಂಬಿದ ದಿನ ಇಲ್ಲೇ ಬಂದು ಹೇಳ್ತೀನಿ.